ಬೆಳಕು ಬೀಸುವ ಗಾಳಿ, ಅಪ್ಪನ ಮಳೆ ಲೆಕ್ಕ

ನಕ್ಷತ್ರಗಳಲ್ಲೂ ಗಾಳಿ ಬೀಸುತ್ತೆ ಅಂದ್ರೆ ನಂಬ್ತೀರಾ?

ನಮ್ಮ ಸೂರ್ಯನಿಂದಲೂ ಬೀಸುತ್ತೆ. ಸೌರಮಾರುತ ಅಂತ ಪತ್ರಿಕೆಗಳಲ್ಲಿ ಆಗಾಗ ಓದಿರ್ತೀರಿ. ಆದರೆ ಸೂರ್ಯನದ್ದು ಬರೀ ಬೀಸಣಿಗೆ ಗಾಳಿ. ಸೆಕೆಂಡಿಗೆ ಹತ್ತು ಲಕ್ಷ ಟನ್ನಿಗೂ ಮಿಕ್ಕಿ ಅನಿಲ ಹೊರಗೆ ಹೋಗ್ತಾ ಇದ್ದರೂ ಸೂರ್ಯನ ದೇಹಕ್ಕೆ ಅದು ಗೊತ್ತೇ ಆಗೋದಿಲ್ಲ. ಇದೇ ದರದಲ್ಲಿ 460 ಕೋಟಿ ವರ್ಷ ಬೀಸಿದೆ ಅಂದುಕೊಂಡರೂ ಹೋಗಿರುವುದು ಹತ್ತು ಸಾವಿರದಲ್ಲಿ ಒಂದು ಪಾಲು.

ನಾನು ಹೇಳಹೊರಟಿರೋದು ಬೇರೆ ಜಾತಿಯ ನಕ್ಷತ್ರಗಳ ಕತೆ. ಸೂರ್ಯನಿಗಿಂತ ಇಪ್ಪತ್ತು, ನಲವತ್ತು, ಅರವತ್ತು ಪಟ್ಟು ಭಾರ. ಮೇಲ್ಮೈಯ ಬಿಸಿ ಮೂವತ್ತು ನಲವತ್ತು ಸಾವಿರ ಡಿಗ್ರಿ. ನೋಡಲಿಕ್ಕೆ ನೀಲಿ ಬಿಳುಪು. ಇವುಗಳಲ್ಲಿ ನಮಗೆ ಬರಿಗಣ್ಣಿಗೆ ಕಾಣುವ ಒಂದರ ಹೆಸರು ನಾವೊಸ್. ಗ್ರೀಕ್ ಭಾಷೆಯಲ್ಲಿ ಹಾಗಂದರೆ ಹಡಗು. ಅದರ ಗಾಳಿಯ ವೇಗ ಸೆಕೆಂಡಿಗೆ ಸುಮಾರು 2250 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ಹೋಗೋಕೆ ಒಂದು ಸೆಕೆಂಡೂ ಬೇಡ! ಸೂರ್ಯ ಕಳೆದುಕೊಳ್ಳುವುದರ ಹತ್ತು ಕೋಟಿ ಪಟ್ಟು ಅದು ಕಳೆದುಕೊಳ್ತಾ ಇದೆ. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಭೂಮಿಯಷ್ಟು ತೂಕ ಅದರ ಮೈಯಿಂದ ಹಾರಿಹೋಗುತ್ತೆ.

"ಹೆಚ್ಚುಕಡಿಮೆ" ಅಂದೆನಲ್ಲ, ಈ ಬರಹ ಇರುವುದು ಆ ಪದದ ಬಗ್ಗೆ. ಎಷ್ಟು ಹೆಚ್ಚು? ಎಷ್ಟು ಕಡಿಮೆ? ಒಂದು ಕಾಲದಲ್ಲಿ ಈ ಲೆಕ್ಕ ಮುಗಿಯಿತು ಅಂತಲೇ ಅಂದುಕೊಂಡಿದ್ದರು. ಆಮೇಲೆ ಮತ್ತೆ ಬಿಚ್ಚಬೇಕಾಯಿತು.

ನನಗೆ ಈ ಗಾಳಿ ಹಿಡಿದದ್ದು (ಹೌದು, ಗಾಳಿ ಹಿಡಿದದ್ದೇ, ಮನೆಯವರನ್ನು ಕೇಳಿ ಬೇಕಾದರೆ :-)) ಎಂ.ಎಸ್ಸಿ. ಪ್ರಾಜೆಕ್ಟಿನ ಕಾಲದಲ್ಲಿ. ಈಗ ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್ ಕೆಲಸ. ಆದರೆ ಕೆಲವರು ಭಾನುವಾರ ಬೈಕ್ ತೊಳೆಯುವ ಹಾಗೆ, ಕೆಲವರು ಕ್ರಿಕೆಟ್ ನೋಡುವ ಹಾಗೆ, ನಾನು ನಕ್ಷತ್ರದ ಗಾಳಿಯ ಪುಟ್ಟ ಮಾಡೆಲ್ಲೊಂದನ್ನು ಲ್ಯಾಪ್‌ಟಾಪಿನಲ್ಲಿ ಓಡಿಸ್ತಾ ಕೂರ್ತೀನಿ. ಯಾರಿಗೂ ಉಪದ್ರವ ಇಲ್ಲದ ಚಟ.

*

ಮೊದಲ ಪ್ರಶ್ನೆ: ಗಾಳಿ ಬೀಸುವವರು ಯಾರು? ಸೂರ್ಯನಲ್ಲಿ ಆ ಕೆಲಸ ಮಾಡೋದು ಅದರ ಹೊರ ಕವಚವಾದ ಕರೋನಾದ ಬಿಸಿ. ಈ ದೊಡ್ಡ ನಕ್ಷತ್ರಗಳಲ್ಲಿ ನೂಕುವುದು ಬೆಳಕು. ಬರೀ ಬೆಳಕು!

ಬೆಳಕಿಗೆ ತೂಕವಿಲ್ಲ, ಆದರೆ ನೂಕುವ ಗುಣ ಇದೆ. ನಮ್ಮ ಮೇಲೆ ಬೀಳುವ ಬಿಸಿಲೂ ನಮ್ಮನ್ನು ನೂಕುತ್ತಿರುತ್ತೆ, ಗೊತ್ತಾಗದಷ್ಟು ಮೆಲ್ಲಗೆ. ನಾವೊಸ್‌ನ ಪ್ರಕಾಶ ಸೂರ್ಯನ 8 ಲಕ್ಷ ಪಟ್ಟು ಅಂತ ಇಟ್ಟುಕೊಳ್ಳಿ. ಆ ಬೆಳಕಿನ ಪ್ರತಿ ಕಣವೂ ಹೊರಗೆ ಹೋಗುವಾಗ ಒಂದೇ ಒಂದು ಸಲ ಅನಿಲವನ್ನು ನೂಕಿ ಹೋದರೆ ಎಷ್ಟು ಅನಿಲ ಹೋದೀತು? ಪ್ರಕಾಶವನ್ನು ಬೆಳಕಿನ ವೇಗದಿಂದ ಭಾಗಿಸಿ, ಬಂದದ್ದನ್ನು ಗಾಳಿಯ ವೇಗದಿಂದ ಭಾಗಿಸಿ. ಬಸ್ ಟಿಕೇಟಿನ ಹಿಂದೆ ಮಾಡಬಹುದಾದ ಲೆಕ್ಕ. ಉತ್ತರ: ವರ್ಷಕ್ಕೆ ಸೂರ್ಯನ ತೂಕದ ಹತ್ತು ಲಕ್ಷದಲ್ಲಿ ಏಳು ಪಾಲು. ನಿಜವಾಗಿ ಹೋಗುತ್ತಿರುವುದು ಅದರ ಮೂರನೇ ಒಂದು ಪಾಲಿನ ಆಸುಪಾಸು. ಅಂದರೆ ಬೆಳಕಿಗೆ ಈ ಕೆಲಸ ಮಾಡುವ ತಾಕತ್ತು ಧಾರಾಳವಾಗಿ ಇದೆ. ಪ್ರಶ್ನೆ ಇರುವುದು ಅದು ಅನಿಲವನ್ನು ಹಿಡಿದುಕೊಳ್ಳುವುದು ಹೇಗೆ ಅನ್ನೋದರಲ್ಲಿ.

ನಕ್ಷತ್ರದಲ್ಲಿ ಬಹುಪಾಲು ಇರೋದು ಹೈಡ್ರೋಜನ್ ಮತ್ತು ಹೀಲಿಯಂ. ಅಷ್ಟು ಬಿಸಿಯಲ್ಲಿ ಅವು ಎಲೆಕ್ಟ್ರಾನುಗಳನ್ನು ಕಳಕೊಂಡು ಬೆತ್ತಲಾಗಿರುತ್ತವೆ. ಬೆಳಕಿಗೆ ಹಿಡಿಯಲು ಅವುಗಳ ಮೈಮೇಲೆ ಹೆಚ್ಚೇನೂ ಇಲ್ಲ. ಆದರೆ ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಮುಖ್ಯವಾಗಿ ಕಬ್ಬಿಣ, ಇವುಗಳ ಅಯಾನುಗಳು ಇನ್ನೂ ಕೆಲವು ಎಲೆಕ್ಟ್ರಾನುಗಳನ್ನು ಇಟ್ಟುಕೊಂಡಿರುತ್ತವೆ. ಅವು ತಮಗೆ ಬೇಕಾದ ಬಣ್ಣದ ಬೆಳಕನ್ನು ಮಾತ್ರ ಹೀರುತ್ತವೆ. ರೋಹಿತದಲ್ಲಿ ಗೆರೆಗಳಾಗಿ ಕಾಣುವುದು ಅದೇ. ಅದರಲ್ಲೂ ಕಬ್ಬಿಣಕ್ಕೆ ಇಂಥ ಗೆರೆಗಳು ಸಾವಿರ ಸಾವಿರ.

ತಮಾಷೆ ನೋಡಿ. ಸೂರ್ಯನಂಥ ಮಿಶ್ರಣದಲ್ಲಿ ಒಂದು ಕಬ್ಬಿಣದ ಪರಮಾಣುವಿಗೆ ಮೂವತ್ತು ಸಾವಿರದಷ್ಟು ಹೈಡ್ರೋಜನ್ ಪರಮಾಣುಗಳಿವೆ. ಬೆಳಕು ನೂಕುವುದು ಆ ಒಂದನ್ನು. ಅದು ಅಕ್ಕಪಕ್ಕದವರಿಗೆ ಢಿಕ್ಕಿ ಹೊಡೆದು ಎಲ್ಲರನ್ನೂ ಎಳಕೊಂಡು ಹೋಗುತ್ತೆ. ಊರಿಗೆ ಊರೇ ತೇರಿನ ಮೇಲೆ ಕೂತಿದೆ, ಹಗ್ಗ ಹಿಡಿದವರು ನಾಲ್ಕು ಜನ!

ಇನ್ನೂ ಒಂದು ತೊಡಕಿದೆ. ಕೆಳಗಿನ ಪದರದ ಕಬ್ಬಿಣ ತನಗೆ ಬೇಕಾದ ಬಣ್ಣವನ್ನು ಹೀರಿಬಿಟ್ಟರೆ ಮೇಲಿನ ಪದರದ ಕಬ್ಬಿಣಕ್ಕೆ ಏನು ಉಳಿಯಿತು? ಪಂಕ್ತಿ ಊಟದಲ್ಲಿ ಹೋಳಿಗೆ ಬುಟ್ಟಿ ನಮ್ಮ ಸಾಲಿಗೆ ಬರುವಷ್ಟರಲ್ಲಿ ಖಾಲಿಯಾದ ಹಾಗೆ. ಇಲ್ಲಿ ಕಾಪಾಡೋದು ಡಾಪ್ಲರ್. ರೈಲು ನಮ್ಮಿಂದ ದೂರ ಹೋಗುವಾಗ ಅದರ ಕೂಗಿನ ಸ್ವರ ತಗ್ಗುತ್ತಲ್ಲ, ಹಾಗೆ ನಕ್ಷತ್ರದಿಂದ ದೂರ ಓಡುತ್ತಿರುವ ಅಯಾನಿಗೆ ನಕ್ಷತ್ರದ ಬೆಳಕು ಸ್ವಲ್ಪ ಬೇರೆ ಬಣ್ಣದ್ದಾಗಿ ಕಾಣುತ್ತೆ. ಅಂದರೆ ಕೆಳಗಿನವರು ಮುಟ್ಟದೇ ಬಿಟ್ಟ ಬಣ್ಣ ಇದಕ್ಕೆ ಸಿಗುತ್ತೆ. ಎದ್ದು ಇನ್ನೊಂದು ಪಂಕ್ತಿಗೆ ಹೋಗಿ ಕೂತರೆ ಅಲ್ಲಿ ಬುಟ್ಟಿ ತುಂಬ ಬಿಸಿ ಹೋಳಿಗೆ! ವೇಗ ಹೆಚ್ಚಾದಂತೆ ಹೊಸ ಬೆಳಕು, ಹೊಸ ಬೆಳಕು ಸಿಕ್ಕಂತೆ ಇನ್ನಷ್ಟು ವೇಗ. ಸೊನ್ನೆಗೆ ಹತ್ತಿರದಿಂದ ಹೊರಟದ್ದು 2250 ಕಿಲೋಮೀಟರಿಗೆ ಮುಟ್ಟೋದು ಹೀಗೆ.

*

ಆಯ್ದ ಗೆರೆಗಳಲ್ಲಿ ಬೆಳಕು ಪರಮಾಣುವನ್ನು ನೂಕುತ್ತೆ ಅನ್ನುವ ವಿಚಾರವನ್ನು ಮೊದಲು ಹಿಡಿದವರಲ್ಲಿ ನಮ್ಮ ಮೇಘನಾದ ಸಹಾ ಒಬ್ಬರು. 1917ರ ಕೊನೆಯಲ್ಲಿ ಅವರು ಕಲ್ಕತ್ತೆಯಿಂದ ಅಮೆರಿಕದ ಆಸ್ಟ್ರೋಫಿಸಿಕಲ್ ಜರ್ನಲ್‌ಗೆ ಇದರ ಮೇಲೆ ಉದ್ದದ ಲೇಖನ ಕಳಿಸಿದರು. ಅಚ್ಚಿನ ಖರ್ಚಿನಲ್ಲಿ ಒಂದು ಪಾಲು ನೀವು ಹಾಕಬೇಕಾಗುತ್ತೆ ಅಂತ ಉತ್ತರ ಬಂತು. ಇಪ್ಪತ್ತರ ಹರೆಯದ ಮೇಷ್ಟ್ರ ಹತ್ತಿರ ಅಷ್ಟು ದುಡ್ಡೆಲ್ಲಿಂದ ಬರಬೇಕು? ಆ ಪತ್ರಿಕೆಯಲ್ಲಿ 1919ರಲ್ಲಿ ಬಂದದ್ದು ಒಂದು ಚಿಕ್ಕ ಟಿಪ್ಪಣಿ ಮಾತ್ರ. ಪೂರ್ತಿ ಲೇಖನ ಆಮೇಲೆ ಕಲ್ಕತ್ತಾ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಅಚ್ಚಾಯಿತು. ಹೊರಗೆ ಅದನ್ನು ಓದಿದವರು ಎಷ್ಟು ಜನವೋ. ಮುಂದೆ 1920ರ ದಶಕದಲ್ಲಿ ಇಂಗ್ಲೆಂಡಿನ ಮಿಲ್ನ್ ಇದನ್ನು ವಿಸ್ತಾರವಾಗಿ ಬೆಳೆಸಿದರು. ಸಹಾ ಅವರ ಹೆಸರು ಉಳಿದದ್ದು 1920ರ ಅಯಾನೀಕರಣ ಸಮೀಕರಣದಿಂದ. ಅದೂ ದೊಡ್ಡದೇ, ಆದರೆ ಈ ಕತೆ ಓದಿದಾಗೆಲ್ಲ ಹೊಟ್ಟೆಯೊಳಗೆ ಏನೋ ಆಗುತ್ತೆ.

ಇನ್ನೊಬ್ಬರು ವೈನು ಬಪ್ಪು. ಕವಲೂರಿನ ವೀಕ್ಷಣಾಲಯ ಕಟ್ಟಿದವರು, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ರೂಪ ಕೊಟ್ಟವರು. ಅವರಿಗೆ ವೂಲ್ಫ್-ರಾಯೆ ನಕ್ಷತ್ರಗಳ ಮೇಲೆ ಬಹಳ ಪ್ರೀತಿ. 1867ರಲ್ಲಿ ಪ್ಯಾರಿಸ್ಸಿನ ವೂಲ್ಫ್ ಮತ್ತು ರಾಯೆ ಕಂಡ ಈ ನಕ್ಷತ್ರಗಳ ಗಾಳಿ ಎಷ್ಟು ದಟ್ಟ ಅಂದರೆ ನಮಗೆ ಕಾಣುವುದು ಗಾಳಿಯೇ ಹೊರತು ಒಳಗಿನ ಮೈ ಅಲ್ಲ. ಇವುಗಳ ಬಗ್ಗೆ 1971ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಸಮ್ಮೇಳನದ ಗ್ರಂಥಕ್ಕೆ ಬಪ್ಪು ಸಂಪಾದಕರಲ್ಲೊಬ್ಬರು.

ಹೊತ್ತಿಗೆ ಸರಿಯಾಗಿ ಅಲ್ಲಿಗೆ ಗಾಳಿಯ ಪತ್ತೆಯೂ ಆಗಿತ್ತು. ಈ ಗಾಳಿಯ ಗುರುತು ಹೆಚ್ಚಾಗಿ ಅತಿನೇರಳೆ ಬೆಳಕಿನಲ್ಲಿರುತ್ತೆ. ಅದನ್ನು ನಮ್ಮ ವಾತಾವರಣ ಕೆಳಗೆ ಬಿಡೋದಿಲ್ಲ. ಅದಕ್ಕೇ 1960ರ ದಶಕದಲ್ಲಿ ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು ರಾಕೆಟ್ಟಿನಲ್ಲಿ ಉಪಕರಣ ಕೂರಿಸಿ ಮೇಲೆ ಹಾರಿಸಿ ಓರಿಯನ್ ಪುಂಜದ ನಕ್ಷತ್ರಗಳ ರೋಹಿತ ತೆಗೆದರು. ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಅನಿಲ ಹೊರಗೆ ಬರ್ತಾ ಇದೆ ಅಂತ 1967ರಲ್ಲಿ ಪ್ರಕಟಿಸಿದರು. 1970ರಲ್ಲಿ ಲೂಸಿ ಮತ್ತು ಸಾಲೊಮನ್, ಇದು ಗೆರೆಗಳ ಕೆಲಸ ಅಂತ ತೋರಿಸಿದರು. 1975ರಲ್ಲಿ ಕ್ಯಾಸ್ಟರ್, ಅಬ್ಬಟ್, ಕ್ಲೈನ್ ಅನ್ನುವ ಮೂವರು ಪೂರ್ತಿ ಸಿದ್ಧಾಂತ ಬರೆದರು. ಒಂದೊಂದೇ ಗೆರೆಯನ್ನು ಎಣಿಸೋದು ಬಿಟ್ಟು, ಬಲವಾದವು ಎಷ್ಟು, ದುರ್ಬಲವಾದವು ಎಷ್ಟು ಅನ್ನೋ ಹಂಚಿಕೆಯನ್ನು ಒಂದು ಸುಲಭ ಸೂತ್ರದಲ್ಲಿ ಹಿಡಿದರು.

ಭಾನುವಾರ ನಾನು ಓಡಿಸುವುದು ಇದನ್ನೇ. ತೀರಾ ಸರಳ ಮಾಡಿದರೆ ಅದು ಒಂದು ನೆಟ್ಟಗಿನ ರೇಖೆಯೂ ಒಂದು ಬಾಗಿದ ರೇಖೆಯೂ ಎಲ್ಲಿ ಸೇರ್ತವೆ ಅನ್ನೋ ಪ್ರಶ್ನೆ. ಹೆಚ್ಚು ಅನಿಲ ಹೊರಿಸಿದರೆ ಎರಡೂ ಸೇರುವುದೇ ಇಲ್ಲ, ಅಷ್ಟು ಹೊರೆ ಎತ್ತಲು ಬೆಳಕಿಗೆ ಆಗೋದಿಲ್ಲ. ಕಡಿಮೆ ಹೊರಿಸಿದರೆ ಎರಡು ಕಡೆ ಸೇರುತ್ತವೆ. ನಡುವೆ ಒಂದೇ ಒಂದು ಪ್ರಮಾಣಕ್ಕೆ ಎರಡೂ ಒಂದೇ ಕಡೆ ತಾಗಿಕೊಂಡು ಹೋಗುತ್ತವೆ. ನಕ್ಷತ್ರಕ್ಕೆ ಸಲ್ಲುವುದು ಆ ಪ್ರಮಾಣ, ಅಂದರೆ ತನ್ನ ಬೆಳಕು ಎತ್ತಬಲ್ಲಷ್ಟೂ ಹೊರೆ. ಪರದೆಯ ಮೇಲೆ ಆ ಎರಡು ಗೆರೆಗಳು ಮೆಲ್ಲಗೆ ತಾಗುವುದನ್ನು ನೋಡುವಾಗ ಆಗುವ ಖುಷಿಯನ್ನು ಹೇಳೋಕೆ ಬರೋದಿಲ್ಲ.

ವೃತ್ತಿಯವರ ಮಾಡೆಲ್ಲುಗಳು ಇದರ ಅಜ್ಜಂದಿರು. ಸಿಎಮ್‌ಎಫ್‌ಜೆನ್, ಫಾಸ್ಟ್‌ವಿಂಡ್, ಪವರ್ (ನಮ್ಮ ಕರೆಂಟಲ್ಲ, ಜರ್ಮನಿಯ ಪೋಟ್ಸ್‌ಡಾಮಿನಲ್ಲಿ ಬೆಳೆದ ಕೋಡು) ಅಂತೆಲ್ಲ ಹೆಸರು. ಅವುಗಳ ಕಷ್ಟ ಏನಂದರೆ ಎಲ್ಲವೂ ಎಲ್ಲದರ ಮೇಲೆ ನಿಂತಿದೆ. ಪರಮಾಣುಗಳ ಸ್ಥಿತಿ ಬೆಳಕನ್ನು ಅವಲಂಬಿಸಿದೆ, ಬೆಳಕು ಪರಮಾಣುಗಳ ಸ್ಥಿತಿಯನ್ನು. ಗೆರೆಗಳು ಎಲ್ಲಿ ಬೀಳಬೇಕು ಅನ್ನೋದು ವೇಗವನ್ನು, ವೇಗ ನೂಕನ್ನು, ನೂಕು ಮತ್ತೆ ಗೆರೆಗಳನ್ನು. ಹಾಗಾಗಿ ಒಂದು ಊಹೆಯಿಂದ ಶುರುಮಾಡಿ, ಲೆಕ್ಕ ಹಾಕಿ, ತಿದ್ದಿ, ಮತ್ತೆ ಲೆಕ್ಕ ಹಾಕಿ... ಸಾರಿನ ರುಚಿ ನೋಡ್ತಾ ನೋಡ್ತಾ ಉಪ್ಪು ಹುಳಿ ಹಾಕುವ ಹಾಗೆ. ಬದಲಾಗುವುದು ನಿಂತಾಗ ಮಾಡೆಲ್ ಪಾಕಕ್ಕೆ ಬಂತು ಅಂತ ಅರ್ಥ.

*

ಇಷ್ಟೆಲ್ಲ ಮಾಡುವಾಗ ಎಲ್ಲರೂ ಒಂದು ವಿಷಯ ಒಪ್ಪಿಕೊಂಡಿದ್ದರು: ಗಾಳಿ ನಯವಾಗಿ, ಎಲ್ಲ ಕಡೆ ಸಮನಾಗಿ ಹರಿಯುತ್ತೆ ಅಂತ. ಅದು ಹಾಗಿಲ್ಲ. ಗಾಳಿಯನ್ನು ಓಡಿಸುವ ಉಪಾಯವೇ ಅದನ್ನು ಚೂರು ಮಾಡುತ್ತೆ. ಅನಿಲದ ಒಂದು ತುಣುಕು ಹೇಗೋ ಪಕ್ಕದವರಿಗಿಂತ ಸ್ವಲ್ಪ ಮುಂದೆ ಓಡಿತು ಅನ್ನಿ. ಅದಕ್ಕೆ ಬೇರೆಯವರು ಮುಟ್ಟದ ಬೆಳಕು ಸಿಗುತ್ತೆ, ಇನ್ನೂ ಜೋರಾಗಿ ಓಡುತ್ತೆ, ಇನ್ನಷ್ಟು ಬೆಳಕು. ಓಡಿದವರು ಮುಂದಿನ ನಿಧಾನದವರಿಗೆ ಹೋಗಿ ಢಿಕ್ಕಿ ಹೊಡೀತಾರೆ. 1980ರ ದಶಕದಲ್ಲಿ ಓವೊಕಿ ಮತ್ತು ಜೊತೆಗಾರರು ಇದನ್ನು ಕಂಪ್ಯೂಟರಿನಲ್ಲಿ ಓಡಿಸಿದಾಗ ಗಾಳಿ ನಯವಾಗಿ ಉಳಿಯಲೇ ಇಲ್ಲ. ಉಪ್ಪಿಟ್ಟಿಗೆ ರವೆ ಒಮ್ಮೆಲೇ ಸುರಿದರೆ ಆಗುತ್ತಲ್ಲ, ಹಾಗೆ ಗಂಟು ಗಂಟು.

ಗಂಟಾದರೆ ಏನು ಮಹಾ ಅಂತೀರಾ? ಇಲ್ಲಿದೆ ಸೂಕ್ಷ್ಮ. ಗಾಳಿಯ ವೇಗ ತಿಳಿಯೋದು ಸುಲಭ, ಗೆರೆಯ ಅಂಚು ಎಷ್ಟು ಸರಿದಿದೆ ಅಂತ ನೋಡಿದರಾಯಿತು. ತೂಕ ತಿಳಿಯೋದು ಕಷ್ಟ. ಅದಕ್ಕೆ ಹೈಡ್ರೋಜನ್ನಿನ ಕೆಂಪು ಗೆರೆಯನ್ನೋ, ಗಾಳಿ ಹೊಮ್ಮಿಸುವ ರೇಡಿಯೋ ಅಲೆಗಳನ್ನೋ ಅಳೀತಾರೆ. ಆ ಹೊಳಪು ಹುಟ್ಟುವುದು ಎರಡು ಕಣಗಳು ಹತ್ತಿರ ಬಂದಾಗ. ಆದ್ದರಿಂದ ಅದು ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಏರುತ್ತೆ.

ಹತ್ತು ಕೊಡಪಾನ ಇಟ್ಟುಕೊಳ್ಳಿ. ಒಂದೊಂದರಲ್ಲಿ ಒಂದೊಂದು ಸೇರು ಹಾಕಿದರೆ ಒಟ್ಟು ಹತ್ತು ಸೇರು. ವರ್ಗ ಮಾಡಿ ಕೂಡಿದರೂ ಹತ್ತೇ. ಈಗ ಹತ್ತೂ ಸೇರನ್ನು ಒಂದೇ ಕೊಡಪಾನಕ್ಕೆ ಸುರಿದು ಉಳಿದದ್ದನ್ನು ಖಾಲಿ ಬಿಡಿ. ವರ್ಗ ನೂರು! ದೂರದಿಂದ ನೋಡುವವನಿಗೆ ಕಾಣುವುದು ಆ ನೂರು ಮಾತ್ರ. ಅವನು "ಹತ್ತೂ ಕೊಡಪಾನಗಳಲ್ಲಿ ಸಮನಾಗಿದೆ" ಅಂತ ಹಿಡಿದರೆ ಒಂದೊಂದರಲ್ಲಿ 3.16 ಸೇರು, ಒಟ್ಟು ಸುಮಾರು 32 ಸೇರು ಅಂತ ಲೆಕ್ಕ ಬರೀತಾನೆ. ಇರುವುದು ಹತ್ತೇ. ಕೂಡಿಕೆಯಲ್ಲಿ ತಪ್ಪಿಲ್ಲ, ಉಪಕರಣ ಕೆಟ್ಟಿಲ್ಲ. "ಸಮನಾಗಿದೆ" ಅನ್ನೋ ಒಂದು ಪದ ಮೂರು ಪಟ್ಟು ಮಾಡಿತು.

ಇದನ್ನು ಅಪ್ಪನಿಗೆ ಹೇಳಿದ್ದೆ. ಊರಲ್ಲಿ ನಮ್ಮದು ಅಡಿಕೆ ತೋಟ. ಅಪ್ಪ ಬಹಳ ವರ್ಷಗಳಿಂದ ಅಂಗಳದ ಮಳೆಮಾಪಕ ನೋಡಿ ದಿನಾ ಬೆಳಗ್ಗೆ ನೋಟ್‌ಬುಕ್ಕಿನಲ್ಲಿ ಬರೆದಿಡ್ತಾರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಈ ಅಭ್ಯಾಸ ಇದೆ. "ಇದರಿಂದ ಯಾರಿಗೆ ಏನು ಉಪಯೋಗ?" ಅಂತ ಕೇಳ್ತಾರೆ ಅಂತ ನಾನು ಉತ್ತರ ಸಿದ್ಧ ಮಾಡ್ಕೊಂಡು ಕೂತಿದ್ದೆ. ಅವರು ಕೇಳಲಿಲ್ಲ. ಕವಳ ಉಗಿದು ಬಂದು ಹೇಳಿದ್ದು ಇಷ್ಟು: "ಅಲ್ವೋ, ಅವರು ತಿಂಗಳ ಮಳೆ ಬರ್ಕೊಂಡಿದಾರೆ, ದಿನದ್ದು ಬರ್ಕೊಂಡಿಲ್ಲ. ತಿಂಗಳಲ್ಲಿ ಮೂವತ್ತು ಇಂಚು. ದಿನಾ ಒಂದೊಂದು ಇಂಚು ಹಿಡ್ಕೊಂಡ್ರೆ ಅಡಿಕೆಗೆ ಕೊಳೆ ಬರ್ತದೆ. ಐದೇ ದಿನದಲ್ಲಿ ಸುರಿದ್ರೆ ಧರೆ ಕುಸೀತದೆ. ಪೇಪರ್‌ನವನಿಗೆ ಎರಡೂ ವಾಡಿಕೆ ಮಳೆ."

ನಾನು ಸುಮ್ಮನೆ ಕೂತೆ. ಆ ನೋಟ್‌ಬುಕ್ಕನ್ನು ಅಷ್ಟು ವರ್ಷ ಕಂಡಿದ್ದರೂ, ಅದರಲ್ಲಿ ಯಾಕೆ ದಿನ ದಿನದ ಸಾಲು ಇದೆ, ಯಾಕೆ ಬರೀ ಮೊತ್ತ ಇಲ್ಲ ಅಂತ ಆ ದಿನ ನನಗೆ ಹೊಳೀತು.

*

2006ರಲ್ಲಿ ಫುಲ್ಲರ್ಟನ್, ಮಸ್ಸಾ, ಪ್ರಿಂಜಾ ಅನ್ನೋರು ಹೈಡ್ರೋಜನ್ ಬಿಟ್ಟು ರಂಜಕದ ಗೆರೆ ನೋಡಿದರು. ರಂಜಕ ಬಹಳ ವಿರಳ, ಅದರ ಗೆರೆಗೆ ವರ್ಗದ ಗೊಡವೆ ಇಲ್ಲ. ಅವರಿಗೆ ಸಿಕ್ಕ ಉತ್ತರ ಹಳೆಯದಕ್ಕಿಂತ ಹತ್ತು ಪಟ್ಟಿಗೂ ಕಡಿಮೆ! ದೊಡ್ಡ ಗಲಾಟೆಯೇ ಆಯಿತು. ಗಂಟುಗಳು ದಟ್ಟವಾಗಿದ್ದರೆ ಅವುಗಳ ಸಂದಿಯಿಂದ ಬೆಳಕು ನುಸುಳಿ ಹೋಗುತ್ತೆ, ಆಗ ಆ ಗೆರೆಯೂ ಇರುವುದಕ್ಕಿಂತ ಕಡಿಮೆ ತೋರಿಸುತ್ತೆ ಅಂತ ಮಾರನೇ ವರ್ಷವೇ ಇನ್ನೊಂದು ತಂಡ ಹೇಳಿತು. ಎರಡೂ ಕಡೆಯ ವಾದ ತೂಗಿ ನೋಡಿ ಈಗ ಬಹಳಷ್ಟು ಮಂದಿ ನಿಂತಿರುವುದು ಹಳೆಯ ಲೆಕ್ಕದ ಎರಡನೇ ಅಥವಾ ಮೂರನೇ ಒಂದು ಪಾಲಿನಲ್ಲಿ.

ಎರಡು ಮೂರು ಪಟ್ಟು ತಾನೇ, ಇರಲಿ ಬಿಡಿ ಅನ್ನೋ ಹಾಗಿಲ್ಲ. ಇಂಥ ನಕ್ಷತ್ರದ ಆಯಸ್ಸು ಬರೀ ಮೂವತ್ತು ನಲವತ್ತು ಲಕ್ಷ ವರ್ಷ. ವರ್ಷಕ್ಕೆ ಹತ್ತು ಲಕ್ಷದಲ್ಲಿ ಏಳು ಪಾಲಿನಂತೆ ಹೋದರೆ ಮೂವತ್ತು ಲಕ್ಷ ವರ್ಷದಲ್ಲಿ 21 ಸೂರ್ಯರ ತೂಕ ಖಾಲಿ. ಎರಡೂಕಾಲು ಪಾಲಿನಂತೆ ಹೋದರೆ ಏಳಕ್ಕೂ ಕಡಿಮೆ. ಮೊದಲನೆಯದಾದರೆ ನಕ್ಷತ್ರ ತನ್ನ ಹೈಡ್ರೋಜನ್ ಹೊದಿಕೆಯನ್ನು ತಾನೇ ಕಳಚಿಕೊಂಡು ವೂಲ್ಫ್-ರಾಯೆ ಆಗುತ್ತೆ. ಎರಡನೆಯದಾದರೆ ಅಷ್ಟಕ್ಕೇ ಕಳಚೋದಿಲ್ಲ, ಬೇರೆ ಯಾರೋ ಕಳಚಬೇಕು. ಯಾರು? ಒಂದೋ 1840ರ ದಶಕದಲ್ಲಿ ಈಟಾ ಕ್ಯಾರಿನೆ ಸಿಡಿದು ಹತ್ತು ಸೂರ್ಯರಷ್ಟು ಕಕ್ಕಿತಲ್ಲ, ಅಂಥ ಆರ್ಭಟ. ಇಲ್ಲವೇ ಜೊತೆಗಾರ ನಕ್ಷತ್ರ. ಈ ಜಾತಿಯವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ತಮ್ಮ ಜೋಡಿಯ ಜೊತೆ ಕೊಡುಕೊಳ್ಳುವಿಕೆ ನಡೆಸುತ್ತವೆ ಅಂತ 2012ರಲ್ಲಿ ಸಾನಾ ಮತ್ತು ಸಂಗಡಿಗರು ತೋರಿಸಿದರು. ಒಂಟಿ ನಕ್ಷತ್ರದ ಬಾಳಿನ ಕತೆ ಅಂತ ಬರೆದಿದ್ದದ್ದು ಸಂಸಾರದ ಕತೆಯಾಯಿತು!

ಕೊನೆಗೆ ಏನು ಉಳಿಯುತ್ತೆ ಅನ್ನೋದೂ ಈ ಗಾಳಿಯ ಕೈಯಲ್ಲೇ. 2015ರ ಸೆಪ್ಟೆಂಬರ್ 14ರಂದು ಮೊದಲ ಬಾರಿ ಗುರುತ್ವ ಅಲೆ ಸಿಕ್ಕಿತಲ್ಲ, ಅದನ್ನು ಎಬ್ಬಿಸಿದ್ದು 36 ಮತ್ತು 29 ಸೂರ್ಯರಷ್ಟು ತೂಕದ ಎರಡು ಕಪ್ಪುಕುಳಿಗಳು. ಅಷ್ಟು ಭಾರದ ಕಪ್ಪುಕುಳಿ ಉಳಿಯಬೇಕಾದರೆ ಅದರ ಹೆತ್ತ ನಕ್ಷತ್ರ ಗಾಳಿಗೆ ಹೆಚ್ಚು ಕಳಕೊಂಡಿರಬಾರದು. ಹಗ್ಗ ಹಿಡಿಯೋಕೆ ಕಬ್ಬಿಣ ಕಡಿಮೆಯಿದ್ದರೆ ತೇರು ಮೆಲ್ಲಗೆ ಹೋಗುತ್ತೆ. ಅದಕ್ಕೇ ಅವು ಕಬ್ಬಿಣ ಕಡಿಮೆಯಿದ್ದ ಕಡೆ ಹುಟ್ಟಿದ ನಕ್ಷತ್ರಗಳು ಅನ್ನೋದು ಹೆಚ್ಚಿನವರ ಅಭಿಪ್ರಾಯ. ನಮಗೆ ಹತ್ತಿರದಲ್ಲಿ ಅಂಥ ಜಾಗ ಮೆಗಲಾನಿಕ್ ಮೋಡಗಳು. ಹಬಲ್ ದೂರದರ್ಶಕ ಅಲ್ಲಿಯ ಬಿಸಿ ನಕ್ಷತ್ರಗಳ ಅತಿನೇರಳೆ ರೋಹಿತಗಳನ್ನು ಯುಲಿಸಿಸ್ ಅನ್ನೋ ದೊಡ್ಡ ಯೋಜನೆಯಲ್ಲಿ ತೆಗೆದಿಟ್ಟಿದೆ. ಎಲ್ಲರಿಗೂ ಉಚಿತ. ಮಾಡೆಲ್ಲುಗಳು ಈಗ ಅವುಗಳ ಮುಂದೆ ಪರೀಕ್ಷೆಗೆ ಕೂತಿವೆ.

ನಿಮಗೂ ಈ ಗಾಳಿ ಹಿಡಿಸಬೇಕು ಅಂತಿದ್ದರೆ ಫೆಬ್ರವರಿ ಕೊನೆಗೆ ರಾತ್ರಿ ಒಂಬತ್ತರ ಹೊತ್ತಿಗೆ ಟೆರೇಸ್ ಹತ್ತಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಮೇಲೆ ಜಗಮಗ ಹೊಳೆಯೋದು ಲುಬ್ಧಕ, ಕೆಳಗೆ ಅಗಸ್ತ್ಯ. ಅವೆರಡರ ಎಡಕ್ಕೆ, ಎತ್ತರದಲ್ಲಿ ನಡುವೆ, ತ್ರಿಕೋನದ ಮೂರನೇ ಮೂಲೆಯ ಹಾಗೆ ಸ್ವಲ್ಪ ಮಂಕಾಗಿ ಕಾಣೋದೇ ನಾವೊಸ್. ಅದರ ಕೆಳಗೆ ಇನ್ನೂ ಸ್ವಲ್ಪ ಪ್ರಕಾಶವಾಗಿರೋದು ಗಾಮಾ ವೆಲೋರಮ್, ಬರಿಗಣ್ಣಿಗೆ ಕಾಣುವ ವೂಲ್ಫ್-ರಾಯೆ ಅದರಲ್ಲಿದೆ. ಒಂದು ಹಡಗಿನ ಹಿಂಬದಿ, ಇನ್ನೊಂದು ಅದೇ ಹಡಗಿನ ಹಾಯಿ. ಹಾಗೇ ಪಶ್ಚಿಮಕ್ಕೆ ತಿರುಗಿದರೆ ಓರಿಯನ್ನಿನ ಸೊಂಟದ ಮೂರು ನಕ್ಷತ್ರ, ಮಾರ್ಟನ್ ರಾಕೆಟ್ಟಿನಿಂದ ನೋಡಿದವು. ಮೂರರಲ್ಲೂ ಇದೇ ಗಾಳಿ.

ಎಲ್ಲವೂ ಬಹಳ ಶಾಂತವಾಗಿ, ನಯವಾಗಿ ಕಾಣುತ್ತವೆ. ನಂಬಬೇಡಿ. :-)

ನೋಡಿದವರು ಕಾಮೆಂಟಿನಲ್ಲಿ ಒಂದು ಸಾಲು ಬರೀರಿ. ನಿಮ್ಮ ಮನೆಯಲ್ಲೂ ಮಳೆ ಲೆಕ್ಕದ ನೋಟ್‌ಬುಕ್ ಇದ್ದರೆ ಅದರ ಸುದ್ದಿಯೂ ಇರಲಿ. ಅಪ್ಪನಿಗೆ ಓದಿ ಹೇಳ್ತೀನಿ.